ಅರೋವಾನಾ ಮರಿಗೆ ಮೊದಲು ಮುಚ್ಚಳ, ಆಮೇಲೆ ಊಟ

ಕಿರಣ, ನೀನು ಗ್ರೂಪ್‌ಗೆ ಹಾಕಿದ ವಿಡಿಯೋ ನೋಡಿದೆ ಕಣೋ. 4 ಇಂಚಿನ ಅರೋವಾನಾ ಮರಿ, 2 ಅಡಿ ಟ್ಯಾಂಕು, ಜೊತೆಗೆ ಗೋಲ್ಡ್‌ಫಿಶ್. ಪೆಲೆಟ್, ಅಂದರೆ ಅಂಗಡಿಯ ಒಣ ಗುಳಿಗೆ ಆಹಾರ, ತಿನ್ನುತ್ತಿಲ್ಲ, ಅಂಗಡಿಯವರು ಸಣ್ಣ ಗೋಲ್ಡ್‌ಫಿಶ್ ತಿನ್ನಿಸಿ ಅಂದಿದ್ದಾರೆ, ಏನು ಮಾಡಲಿ ಮಾವ ಅಂತ ಕೇಳಿದ್ದೀಯ. ಟೈಪ್ ಮಾಡಿದರೆ ಮುಗಿಯಲ್ಲ, ಅದಕ್ಕೆ ಮಾತಾಡಿಯೇ ಹೇಳುತ್ತೇನೆ. ಅಕ್ಕ, ಭಾವ, ನೀವೂ ಪೂರ್ತಿ ಕೇಳಿ. ಮನೆಯಲ್ಲಿ ಜಾಗ ಕೊಡಬೇಕಾದವರು ನೀವು.

ಊಟದ ವಿಷಯ ಆಮೇಲೆ. ಮೊದಲು ಆ ಟ್ಯಾಂಕಿಗೆ ಮುಚ್ಚಳ ಹಾಕು, ಇವತ್ತೇ. ವಿಡಿಯೋದಲ್ಲಿ ಮೇಲೆ ಏನೂ ಕಾಣಲಿಲ್ಲ. ನಿನ್ನದು ಸಿಲ್ವರ್ ಅರೋವಾನಾ, ಅಮೆಜಾನ್ ಕಡೆಯ ಮೀನು. ಮಳೆಗಾಲದಲ್ಲಿ ಅಲ್ಲಿ ಕಾಡೊಳಗೇ ನೀರು ನುಗ್ಗುತ್ತದೆ. ಆಗ ತಗ್ಗಿನ ಕೊಂಬೆ ಮೇಲೆ ಕೂತ ಹುಳವನ್ನು ಇದು ನೀರಿಂದ ಎಗರಿ ಹಿಡಿಯುತ್ತದೆ. ದೊಡ್ಡದಾದರೆ ಒಂದು ಮೀಟರ್‌ಗೂ ಜಾಸ್ತಿ ಹಾರುತ್ತದೆ. ಅದರ ಬಾಯಿ ನೋಡು, ಮೇಲಕ್ಕೆ ತೆರೆದುಕೊಂಡಿದೆ ಅಲ್ವಾ? ಅದರ ಗಮನವೆಲ್ಲ ಮೇಲೇ. ಅರೋವಾನಾ ಸಾಕಿದವರನ್ನು ಕೇಳಿ ನೋಡು, ರೋಗದಿಂದ ಕಳೆದುಕೊಂಡವರಿಗಿಂತ ಬೆಳಿಗ್ಗೆ ಎದ್ದು ನೆಲದ ಮೇಲೆ ನೋಡಿದವರೇ ಜಾಸ್ತಿ ಸಿಗುತ್ತಾರೆ. ಸುಮ್ನೆ ಒಂದು ಥರ್ಮಾಕೋಲ್ ಇಟ್ಟರೆ ಸಾಲದು, ತಳ್ಳಿಕೊಂಡು ಬರುತ್ತದೆ. ಗಾಜಿನ ಮುಚ್ಚಳ ಇಡು, ಮೇಲೆ ಭಾರ ಇಡು, ಫಿಲ್ಟರ್ ಪೈಪಿನ ಪಕ್ಕದ ಸಂದಿಯನ್ನೂ ಬಿಡಬೇಡ. ನೀರಿಗೂ ಮುಚ್ಚಳಕ್ಕೂ ನಡುವೆ ಸ್ವಲ್ಪ ಜಾಗ ಇರಲಿ, ಗಾಳಿ ಆಡಬೇಕು. ರಾತ್ರಿ ಕತ್ತಲಲ್ಲಿ ಟ್ಯಾಂಕ್ ಲೈಟ್ ಒಮ್ಮೆಲೇ ಹಾಕಬೇಡ. ಮೊದಲು ರೂಮಿನ ಲೈಟ್, ಸ್ವಲ್ಪ ಹೊತ್ತಾದ ಮೇಲೆ ಅದರದ್ದು. ಬೆಚ್ಚಿಬಿದ್ದರೆ ಹಾರುವುದು ಗ್ಯಾರಂಟಿ.

ಈಗ ಊಟ. ಗೋಲ್ಡ್‌ಫಿಶ್ ಮಾತ್ರ ಬೇಡವೇ ಬೇಡ. ಅಂಗಡಿಯ ಸಣ್ಣ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ನೂರಾರು ತುಂಬಿಟ್ಟಿರುತ್ತಾರೆ, ರೋಗ ಅವುಗಳ ಜೊತೆಗೇ ಬರುತ್ತದೆ. ಇನ್ನೊಂದು, ಗೋಲ್ಡ್‌ಫಿಶ್ ಮೈಯಲ್ಲಿ ಥಯಾಮಿನೇಸ್ ಅಂತ ಒಂದು ಅಂಶ ಇದೆ, ಅದು ಬಿ1 ವಿಟಮಿನ್ ಹಾಳು ಮಾಡುತ್ತದೆ. ದಿನಾ ಅದನ್ನೇ ತಿಂದ ಮೀನು ಹೊರಗೆ ದುಂಡಗೆ ಕಂಡರೂ ಒಳಗೆ ಸೊರಗುತ್ತದೆ. ಜೀವಂತ ಮೀನಿನ ರುಚಿ ಒಮ್ಮೆ ಹತ್ತಿದರೆ ಮುಂದೆ ಬೇರೆ ಏನೂ ಮುಟ್ಟದೆ ಹಟ ಹಿಡಿಯುತ್ತದೆ.

ನೀನು ಸಿಗಡಿ ತಾ. ಕರಾವಳಿಯಿಂದ ಐಸ್ ಹಾಕಿ ಮೀನು ಮಾರ್ಕೆಟ್‌ಗೆ ಬರುತ್ತಲ್ಲ, ಅದೇ ಸಾಕು. ತಲೆ, ಸಿಪ್ಪೆ ತೆಗೆದು ಚೆನ್ನಾಗಿ ತೊಳೆ. ಹಸಿಯಾಗೇ ಇರಲಿ, ಉಪ್ಪು ಅರಿಶಿನ ಏನೂ ಸೋಕಬಾರದು. ಮರಿಯ ಕಣ್ಣಿನಷ್ಟು ಸಣ್ಣ ತುಂಡು ಮಾಡಿ, ಒಂದೊಂದು ಹೊತ್ತಿನದ್ದು ಬೇರೆ ಬೇರೆ ಪೊಟ್ಟಣ ಕಟ್ಟಿ ಫ್ರೀಜರ್‌ಗೆ ಹಾಕು. ಈ ವಯಸ್ಸಿಗೆ ದಿನಕ್ಕೆ 2-3 ಸಲ, ಪ್ರತಿ ಸಲ ಸ್ವಲ್ಪ ಸ್ವಲ್ಪ. ಮಧ್ಯೆ ಫ್ರೋಜನ್ ಬ್ಲಡ್‌ವರ್ಮ್, ಅಂದರೆ ಸಣ್ಣ ಕೆಂಪು ಹುಳ, ಕೊಡಬಹುದು. 10 ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ಎತ್ತಿಬಿಡು. ಹಾಂ, ಹೊಟ್ಟೆ ಕೆಳಗೆ ಕೇಸರಿ ಬಣ್ಣದ ಚೀಲ ಏನಾದರೂ ಉಳಿದಿದೆಯಾ ನೋಡು. ಅಪ್ಪ ಮೀನು ಮೊಟ್ಟೆ ಮರಿ ಎಲ್ಲವನ್ನೂ ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ, ಆ ಚೀಲವೇ ಮರಿಯ ಬುತ್ತಿ. ನಿನ್ನ ಮರಿಯ ಅಳತೆಗೆ ಅದು ಕರಗಿರಬೇಕು, ಆದರೂ ನೋಡಿಕೋ.

ಪೆಲೆಟ್ ಬಿಡಬೇಡ, ರೂಢಿ ಮಾಡಿಸು. ಸಿಗಡಿ ತೊಳೆಯುವ ಮೊದಲು ಬಸಿಯುವ ರಸದಲ್ಲಿ ತೇಲುವ ಪೆಲೆಟ್ ನೆನೆಸು, ಸಿಗಡಿ ಚೂರಿನ ಜೊತೆ ಒಂದೆರಡು ಹಾಕು. ಫಿಲ್ಟರ್ ನೀರು ಬೀಳುವ ಕಡೆ ಹಾಕಿದರೆ ಅಲುಗಾಡುತ್ತದೆ, ಹುಳ ಅಂದುಕೊಂಡು ಬಾಯಿ ಹಾಕುತ್ತದೆ. ಬೆಳಗಿನ ಹಸಿವಿನಲ್ಲಿ ಮೊದಲು ಪೆಲೆಟ್, ಆಮೇಲೆ ಸಿಗಡಿ. ನನ್ನ ಮೀನೂ ಹೀಗೇ ಕಲಿತದ್ದು, ಈಗ ಕೈಯಿಂದಲೇ ತೆಗೆದುಕೊಳ್ಳುತ್ತದೆ. ಆ ಕ್ಷಣ ಎಷ್ಟು ಖುಷಿ ಅಂದರೆ, ನೀನೇ ನೋಡುವೆಯಂತೆ.

ನಿನ್ನ ಚಿಕ್ಕಮ್ಮ ಕೋಳಿ ಲಿವರ್ ಹಾಕಬಹುದಾ ಅಂತ ಕೇಳಿದ್ದಾಳೆ. ಬೇಡ. ಕೋಳಿ ಕುರಿಯ ಕೊಬ್ಬು ಮೀನಿಗೆ ಸರಿಯಾಗಿ ಜೀರ್ಣವಾಗುವುದಿಲ್ಲ, ನೀರೂ ಕೆಡುತ್ತದೆ. ಹೊಲದ ಮಿಡತೆಯೂ ಬೇಡ. ನಮ್ಮ ಸುತ್ತ ಎಲ್ಲಾ ಮೆಕ್ಕೆಜೋಳ, 2018ರಲ್ಲಿ ಸೈನಿಕ ಹುಳು ಬಂದಾಗಿನಿಂದ ಕೀಟನಾಶಕ ಹೊಡೆಯುವುದು ಜಾಸ್ತಿಯಾಗಿದೆ. ಮನೆಯ ಜಿರಳೆಗೂ ಇದೇ ಮಾತು.

ಅಕ್ಕ, ಭಾವ, ಈಗ ನಿಮಗೆ. ಈ ಮೀನು ಮೊದಲ ವರ್ಷದಲ್ಲೇ ಒಂದು ಅಡಿ ದಾಟುತ್ತದೆ, ಮುಂದೆ ಎರಡು ಎರಡೂವರೆ ಅಡಿ. ಟ್ಯಾಂಕ್ ಚಿಕ್ಕದಿದ್ದರೆ ಮೀನೂ ಚಿಕ್ಕದಾಗೇ ಇರುತ್ತದೆ ಅನ್ನುವುದು ಸುಳ್ಳು. ಬೆನ್ನು ಬಾಗುತ್ತದೆ, ಕಿವಿರಿನ ಮುಚ್ಚಳ ಹೊರಕ್ಕೆ ಸುರುಳಿಯಾಗುತ್ತದೆ. ಸದ್ಯಕ್ಕೆ 4 ಅಡಿ ಟ್ಯಾಂಕ್ ಕೆಲವು ತಿಂಗಳು ನಡೆಯುತ್ತದೆ. ಆಮೇಲೆ ಕನಿಷ್ಠ 6 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ಎತ್ತರ. ಎತ್ತರಕ್ಕಿಂತ ಅಗಲ ಮುಖ್ಯ, ಅದು ಆರಾಮಾಗಿ ತಿರುಗಬೇಕು. ಆ ಅಳತೆಗೆ ಸುಮಾರು 850 ಲೀಟರ್ ನೀರು, ಅಂದರೆ ನೀರೇ 850 ಕೆಜಿ. ಗಾಜು, ಸ್ಟ್ಯಾಂಡ್ ಸೇರಿದರೆ ಒಂದು ಟನ್ ಮೇಲೆ. ಆದ್ದರಿಂದ ಕಿರಣನ ಮಹಡಿ ರೂಮಿನಲ್ಲಿ ಬೇಡ, ಕೆಳಗಿನ ಹಾಲ್‌ನಲ್ಲೇ ಇಡಬೇಕು. ಭಾವ, ವಾಸ್ತು ಪ್ರಕಾರ ಯಾವ ದಿಕ್ಕು ಅಂದಿರಿ. ನೀವು ಹೇಳಿದ ಗೋಡೆಯೇ ಇರಲಿ, ಕಿಟಕಿಯ ಬಿಸಿಲು ನೇರ ಬೀಳದಿದ್ದರೆ ಸಾಕು. ಮತ್ತೆ, ಲಕ್ಷಗಟ್ಟಲೆ ಬೆಲೆಯ ಅರೋವಾನಾ ಬೇರೆ, ಅದು ಏಷ್ಯಾದ್ದು, ಬಾಲ ಬೀಸಣಿಗೆಯಂತೆ ಅಗಲ. ಅದಕ್ಕೆ ಮೈಯೊಳಗೆ ಗುರುತಿನ ಮೈಕ್ರೋಚಿಪ್, ಸರ್ಟಿಫಿಕೇಟ್, ಸರ್ಕಾರದ ನೋಂದಣಿ ಎಲ್ಲಾ ಬೇಕು. ಇದು ಸಿಲ್ವರ್.

ಅಷ್ಟು ದೊಡ್ಡ ಟ್ಯಾಂಕ್ ಆಗುವುದಿಲ್ಲ ಅನ್ನಿಸಿದರೆ ಈಗಲೇ ಹೇಳಿ, ಜಾಗ ಇರುವವರಿಗೆ ಕೊಡೋಣ. ನನಗೆ ಬೇಜಾರಿಲ್ಲ. ಆದರೆ ಎರಡು ವರ್ಷ ಬಿಟ್ಟು ಕುಂದವಾಡ ಕೆರೆಗೋ ಸೂಳೆಕೆರೆಗೋ ಬಿಡುವ ಮಾತು ಮಾತ್ರ ಬರಬಾರದು. ಅಲ್ಲಿನ ಸಣ್ಣ ಮೀನು, ಕಪ್ಪೆಮರಿ ಎಲ್ಲಾ ಇದರ ಬಾಯಿಗೆ ಹೋಗುತ್ತವೆ.

ನೀರು: ಕಾರ್ಪೊರೇಷನ್ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಡ್ರಮ್‌ನಲ್ಲಿ ಗಾಳಿ ಬಿಟ್ಟು ಒಂದು ದಿನ ಇಟ್ಟು ಬಳಸು. ಬೋರ್ ನೀರು ಗಡಸು, ಅದನ್ನು ಒಮ್ಮೆಲೇ ಸುರಿಯಬೇಡ. ವಾರಕ್ಕೆ ಕಾಲು ಭಾಗ ಬದಲಿಸಿದರೆ ಸಾಕು. ಬಿಸಿ 26ರಿಂದ 28 ಡಿಗ್ರಿ ಇರಲಿ, ಡಿಸೆಂಬರ್ ರಾತ್ರಿಗೆ ಹೀಟರ್ ಬೇಕು. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಮ್ಮಿ, ಅದೇ ಹೊತ್ತಿಗೆ ಕರೆಂಟ್ ಹೋಗುತ್ತದೆ. ಬ್ಯಾಟರಿ ಏರ್ ಪಂಪ್ ಒಂದು ತಂದಿಟ್ಟುಕೋ.

ನಿನ್ನ ಟ್ಯಾಂಕು ಹೊಸದು, ಅದೇ ನನಗೆ ಚಿಂತೆ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ಬೆಳೆಯಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ನೀರು ತಿಳಿಯಾಗಿ ಕಂಡರೂ ಕಿವಿರು ಉರಿಯುತ್ತದೆ, ಊಟ ಬಿಡುವುದಕ್ಕೆ ಅದೂ ಕಾರಣ ಇರಬಹುದು. ಭಾನುವಾರ ದುರ್ಗದಿಂದ ಬರುತ್ತೇನೆ. ನನ್ನ ಫಿಲ್ಟರ್‌ನ ಹಳೇ ಸ್ಪಂಜ್ ಒಂದನ್ನು ಟ್ಯಾಂಕ್ ನೀರಲ್ಲೇ ಮುಳುಗಿಸಿ ತರುತ್ತೇನೆ, ನಿನ್ನದರಲ್ಲಿ ಸೇರಿಸೋಣ. ಅಲ್ಲಿಯವರೆಗೆ ಊಟ ಕಮ್ಮಿ ಕೊಡು, ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸು, ಗೋಲ್ಡ್‌ಫಿಶ್‌ಗಳನ್ನು ಬೇರೆ ಟಬ್‌ಗೆ ಹಾಕು. ಭಾವನ ಜೊತೆ ಟೇಪ್ ಹಿಡಿದು ಹಾಲ್ ಗೋಡೆ ಅಳೆದು ಇಲ್ಲೇ ಹಾಕು. ಗಾಜು ಕತ್ತರಿಸುವವರನ್ನು ನಾನು ಕೇಳಿಡುತ್ತೇನೆ.