ಅಕ್ರೋಟ್ ಎಣ್ಣೆ ಕಮಟಾಗದಿರಲು ಸುಗಂಧ ತೈಲ ಬೆರೆಸಬಹುದೇ?

ಪ್ರಶ್ನೆ: ಬಿಸಿ ತಾಗಿಸದೆ ಹಿಂಡಿದ ಅಕ್ರೋಟ್ ಎಣ್ಣೆಯನ್ನು ನಾನು ಸಣ್ಣ ಪ್ರಮಾಣದಲ್ಲಿ ತಯಾರಿಸುತ್ತೇನೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದು ಕಮಟು ವಾಸನೆಗೆ ತಿರುಗುತ್ತದೆ. ರೋಸ್ಮರಿ ಸುಗಂಧ ತೈಲದ ಕೆಲವು ಹನಿ ಹಾಕಿದರೆ ಬಾಳಿಕೆ ಹೆಚ್ಚುತ್ತದೆ ಎಂದು ಕೇಳಿದ್ದೇನೆ. ಇದು ನಿಜವೇ? ಈಗಾಗಲೇ ಕೆಟ್ಟಿರುವ ಎಣ್ಣೆಯನ್ನು ಹೀಗೆ ಸರಿಪಡಿಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕಮಟು ಹಿಡಿದ ಎಣ್ಣೆಯನ್ನು ಯಾವ ತೈಲವೂ ಮೊದಲಿನ ಸ್ಥಿತಿಗೆ ತರಲಾರದು. ಪರಿಮಳವು ವಾಸನೆಯನ್ನು ಮರೆಮಾಡುತ್ತದೆ, ಅಷ್ಟೇ. ಎಣ್ಣೆ ಕೆಟ್ಟಿದೆಯೆಂದು ತಿಳಿಯಲು ನಮಗಿರುವ ಸುಲಭ ಸೂಚನೆಯೇ ಆಗ ಇಲ್ಲವಾಗುತ್ತದೆ. ಆದ್ದರಿಂದ ಅಂಥ ಎಣ್ಣೆಯನ್ನು ದಯವಿಟ್ಟು ಬಳಸಬೇಡಿ.

ಅಕ್ರೋಟ್ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಅದರ ಜೊತೆಗೆ, ಇನ್ನೂ ಬೇಗ ಉತ್ಕರ್ಷಣಗೊಳ್ಳುವ (ಆಮ್ಲಜನಕದೊಂದಿಗೆ ಸೇರಿ ಕೆಡುವ) ಲಿನೋಲೆನಿಕ್ ಆಮ್ಲವೂ ಶೇಕಡ 10ರ ಆಸುಪಾಸಿನಲ್ಲಿ ಇರುತ್ತದೆ. ಈ ಅಣುಗಳಲ್ಲಿ ಎರಡು ದ್ವಿಬಂಧಗಳ (ಇಂಗಾಲದ ಜೋಡಿ ಬಂಧಗಳ) ನಡುವಿನ ಹೈಡ್ರೋಜನ್ ಸುಲಭವಾಗಿ ಕಳಚಿಕೊಳ್ಳುವುದರಿಂದ ಅಲ್ಲಿಂದ ಸರಪಳಿ ಕ್ರಿಯೆ ಆರಂಭವಾಗಿ, ಪೆರಾಕ್ಸೈಡುಗಳೆಂಬ ಅಸ್ಥಿರ ಸಂಯುಕ್ತಗಳು ಹುಟ್ಟಿ, ಅವು ಒಡೆದಾಗ ಹೆಕ್ಸನಾಲ್‌ನಂಥ ವಾಸನೆಯ ವಸ್ತುಗಳು ಉಂಟಾಗುತ್ತವೆ. ಫೀನಾಲ್ ಗುಂಪಿರುವ ಅಣು ತನ್ನದೇ ಹೈಡ್ರೋಜನ್ ಕೊಟ್ಟು ಈ ಸರಪಳಿಯನ್ನು ತಡೆಯುತ್ತದೆ. ಓಮ ಮತ್ತು ಥೈಮ್ ತೈಲದ ಥೈಮಾಲ್, ಒರೆಗಾನೊದ ಕಾರ್ವಕ್ರಾಲ್, ಲವಂಗದ ಯೂಜಿನಾಲ್ ಇಂಥವು.

ರೋಸ್ಮರಿಯ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಆ ಗಿಡದ ಪ್ರಬಲ ಉತ್ಕರ್ಷಣ ನಿರೋಧಕಗಳಾದ ಕಾರ್ನೊಸಿಕ್ ಆಮ್ಲ ಮತ್ತು ಕಾರ್ನೊಸಾಲ್ ದ್ರಾವಕದಿಂದ ತೆಗೆದ ಸಾರದಲ್ಲಿ ಸಿಗುತ್ತವೆ. ಹಬೆಯಲ್ಲಿ ಬಟ್ಟಿಯಿಳಿಸಿದ ಸುಗಂಧ ತೈಲದಲ್ಲಿ ಇರುವುದು ಮುಖ್ಯವಾಗಿ ಸಿನಿಯೋಲ್, ಪೈನೀನ್, ಕರ್ಪೂರ. ಯುರೋಪಿನಲ್ಲಿ ಇ392 ಸಂಖ್ಯೆಯಡಿ ಆಹಾರದಲ್ಲಿ ಬಳಸಲು ಒಪ್ಪಿಗೆ ಇರುವುದು ದ್ರಾವಕದಿಂದ ತೆಗೆದ ಆ ಸಾರಕ್ಕೆ. ನಿಮಗೆ ಬೇಕಾದದ್ದು ಅದೇ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಹಾಗಾದರೆ ಥೈಮ್ ತೈಲ ಎಷ್ಟು ಹಾಕಬೇಕು? ಹೆಚ್ಚು ಹಾಕಿದಷ್ಟೂ ಒಳ್ಳೆಯದೇ?

ಉತ್ತರ: ಇಲ್ಲ. ಒಂದು ಲೀಟರ್ ಅಕ್ರೋಟ್ ಎಣ್ಣೆ ಸುಮಾರು 920 ಗ್ರಾಂ ತೂಗುತ್ತದೆ. ಉದಾಹರಣೆಗೆ 500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 500 ಭಾಗ) ಎಂದರೆ ಅದಕ್ಕೆ 0.46 ಗ್ರಾಂ ತೈಲ, ಅಂದಾಜು 15 ಹನಿ. ಹನಿಯ ಗಾತ್ರ ಬಾಟಲಿಯಿಂದ ಬಾಟಲಿಗೆ ಬದಲಾಗುವುದರಿಂದ ತೂಗಿ ಹಾಕುವುದೇ ಸರಿ. ಇಷ್ಟು ಹಾಕಿದರೆ ಎಣ್ಣೆಯ ಸ್ವಂತ ರುಚಿ ಥೈಮ್‌ನ ಹಿಂದೆ ಸರಿಯುತ್ತದೆ. ಅಳತೆ ಮೀರಿದಾಗ ಕೆಲವು ನಿರೋಧಕಗಳು ಉತ್ಕರ್ಷಣವನ್ನು ಪ್ರಚೋದಿಸುವುದೂ ಉಂಟು. ಲಿಮೊನೀನ್, ಪೈನೀನ್ ಹೆಚ್ಚಿರುವ ತೈಲಗಳಂತೂ ಗಾಳಿಗೆ ತಾವೇ ಕೆಟ್ಟು ಪೆರಾಕ್ಸೈಡುಗಳನ್ನು ಕೂಡಿಸುತ್ತವೆ. ಬಳಸುವ ತೈಲ ಆಹಾರಕ್ಕೆ ಯೋಗ್ಯವೆಂದು ದೃಢಪಟ್ಟಿರಲೇಬೇಕು. ಮಾರುವ ಉದ್ದೇಶವಿದ್ದರೆ ಇನ್ನೊಂದು ಅಡ್ಡಿಯಿದೆ: ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡವು ಬಿಸಿಯಿಲ್ಲದೆ ಹಿಂಡಿದ ಎಣ್ಣೆಗೆ ಯಾವ ಸೇರ್ಪಡೆ ವಸ್ತುವನ್ನೂ ಒಪ್ಪುವುದಿಲ್ಲ.

ಪ್ರಶ್ನೆ: ಪರಿಣಾಮ ಆಗಿದೆಯೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ಉತ್ತರ: ಒಂದೇ ದಿನ ಹಿಂಡಿದ ಎಣ್ಣೆಯನ್ನು ಎರಡು ಬಾಟಲಿಗೆ ಸಮನಾಗಿ ಹಾಕಿ, ಒಂದಕ್ಕೆ ಮಾತ್ರ ತೈಲ ಬೆರೆಸಿ, ಎರಡನ್ನೂ 60 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿಟ್ಟು ಕೆಲವು ದಿನಗಳಿಗೊಮ್ಮೆ ಪೆರಾಕ್ಸೈಡ್ ಮೌಲ್ಯ (ಎಣ್ಣೆಯಲ್ಲಿರುವ ಪೆರಾಕ್ಸೈಡುಗಳ ಅಳತೆ) ಪರೀಕ್ಷಿಸಿ. ಬೆರೆಸದ ಬಾಟಲಿಯಿಲ್ಲದೆ ಹೋಲಿಕೆಗೆ ಅರ್ಥವಿಲ್ಲ. ಬಿಸಿಯಿಲ್ಲದೆ ಹಿಂಡಿದ ಎಣ್ಣೆಗೆ ಈ ಮೌಲ್ಯದ ಕೋಡೆಕ್ಸ್ ಮಿತಿ ಕಿಲೋಗ್ರಾಮಿಗೆ 15 ಮಿಲಿಈಕ್ವಿವಲೆಂಟ್ (ಈ ಅಳತೆಯ ಏಕಮಾನ). ಈ ಸಂಖ್ಯೆ ಏರಿ ಮತ್ತೆ ಇಳಿದರೆ ಎಣ್ಣೆ ಸುಧಾರಿಸಿತೆಂದು ತಿಳಿಯಬೇಡಿ. ಪೆರಾಕ್ಸೈಡುಗಳು ಒಡೆದು ಮುಂದಿನ ಹಂತ ತಲುಪಿವೆ ಎಂದೇ ಅದರರ್ಥ, ಅದನ್ನು ಅನಿಸಿಡಿನ್ ಮೌಲ್ಯ ಎಂಬ ಇನ್ನೊಂದು ಪರೀಕ್ಷೆ ತೋರಿಸುತ್ತದೆ. ಥೈಮಾಲ್ ಆ ಬಿಸಿಗೆ ಸ್ವಲ್ಪ ಹಾರಿಹೋಗುವುದರಿಂದ ತಣ್ಣನೆಯ ಕೋಣೆಯಲ್ಲೂ ಒಂದು ಜೋಡಿ ಬಾಟಲಿ ಇಡಿ.

ಅದಕ್ಕೂ ಮೊದಲು ನಿಮ್ಮ ಬಾಟಲಿಯನ್ನೊಮ್ಮೆ ನೋಡಿ. ಪಾರದರ್ಶಕ ಗಾಜಿನಲ್ಲಿ, ಬೆಳಕಿನಲ್ಲಿ, ಅರ್ಧ ಖಾಲಿ ಇಟ್ಟಿದ್ದರೆ ಎಣ್ಣೆಯಲ್ಲಿ ಉಳಿದ ಪತ್ರಹರಿತ್ತು ಬೆಳಕನ್ನು ಹೀರಿ ಆಮ್ಲಜನಕವನ್ನು ಕ್ರಿಯಾಶೀಲಗೊಳಿಸುತ್ತದೆ, ಆ ಹಾದಿಯನ್ನು ಥೈಮಾಲ್ ತಡೆಯುವುದು ತೀರ ಕಡಿಮೆ. ಕಂದು ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ಒಂದು ಸಲ ಹಿಂಡಿದ ಎಣ್ಣೆಯನ್ನು ಹಾಗಿಟ್ಟು ನೋಡಿದ ಮೇಲೆ ತೈಲದ ಮಾತು ತೆಗೆಯೋಣ.