ಭಾನುವಾರ ಬೇಯಿಸಿಟ್ಟ ಕೋಳಿ, ಗುರುವಾರ ರಾತ್ರಿಯ ಸುಕ್ಕ

ಪ್ರಶ್ನೆ (ಸುರತ್ಕಲ್‌ನಿಂದ): ಅಣ್ಣ, ನಾವಿಬ್ಬರೂ ಕೆಲಸ ಮುಗಿಸಿ ಮನೆ ಮುಟ್ಟುವಾಗ ರಾತ್ರಿ ಏಳೂವರೆ ಆಗ್ತದೆ. ಭಾನುವಾರವೇ 2 ಕಿಲೋ ಕೋಳಿಯ ಗಸಿ (ಕಾಯಿ ಹಾಕಿದ ಸಾರು) ಮಾಡಿ ಫ್ರೀಜರಿನಲ್ಲಿ ಇಟ್ಟಿದ್ದೆ. ಗುರುವಾರ ಬಿಸಿ ಮಾಡಿದರೆ ನೀರು ಬೇರೆ, ಕಾಯಿ ಬೇರೆ. ತುಂಡುಗಳಿಗೂ ಒಂಥರಾ ಹಳೆ ವಾಸನೆ. ಎಲ್ಲಿ ತಪ್ಪಿದ್ದು?

ಉತ್ತರ (ಕೇಟರಿಂಗ್ ಅಡುಗೆಯವರು): ಅಕ್ಕ, ಕೋಳಿಯನ್ನು ಫ್ರೀಜ್ ಮಾಡಬಹುದು, ಕಾಯಿಹಾಲಿನ ಗಸಿಯನ್ನು ಮಾಡಬಾರದು. ಕಾಯಿಹಾಲಿನಲ್ಲಿ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ನೀರಿನೊಳಗೆ ಹರಡಿಕೊಂಡಿರ್ತದೆ. ನೀರು ಗಡ್ಡೆ ಕಟ್ಟುವಾಗ ಆ ಹನಿಗಳು ಒತ್ತಿಕೊಂಡು ಒಂದಾಗ್ತವೆ, ಕರಗಿದ ಮೇಲೆ ಮೊದಲಿನಂತೆ ಬೆರೆಯುವುದಿಲ್ಲ. ಬಟಾಟೆ ಹಾಕಿದ್ದರೆ ಅದೂ ಸ್ಪಂಜಿನ ಹಾಗೆ ನೀರು ಬಿಡ್ತದೆ.

ಹಳೆ ವಾಸನೆಗೆ ಕಾರಣ ಗಾಳಿ. ಬೆಂದ ಮಾಂಸದ ಕೊಬ್ಬಿಗೆ ಗಾಳಿ ತಾಗಿದರೆ ಆ ವಾಸನೆ ಬಂದೇ ಬರ್ತದೆ. ಅದಕ್ಕೇ ತುಂಡುಗಳು ಬೆಂದ ನೀರಿನಲ್ಲೇ ಮುಳುಗಿರಬೇಕು.

ಹೀಗೆ ಮಾಡಿ. 1 ಕಿಲೋ ಚರ್ಮ ತೆಗೆದ ಬ್ರಾಯ್ಲರ್ ಕೋಳಿಗೆ 2 ಕಪ್ ನೀರು, ಒಂದೂವರೆ ಟೀಚಮಚ ಉಪ್ಪು, ಅರ್ಧ ಟೀಚಮಚ ಅರಸಿನ, ಒಂದಿಂಚು ಜಜ್ಜಿದ ಶುಂಠಿ, 10 ಕಾಳುಮೆಣಸು. ಕುದಿ ಬಂದ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ 20 ನಿಮಿಷ. ಕುಕ್ಕರ್ ಬೇಡ. ಇದು ಇನ್ನೊಮ್ಮೆ ಬೇಯಲಿಕ್ಕುಂಟು, ಈಗಲೇ ಪೂರ್ತಿ ಮೆತ್ತಗಾದರೆ ಆಮೇಲೆ ನಾರುನಾರಾಗಿ ಬಿಡ್ತದೆ. ಊರಿನ ಕೋಳಿಯಾದರೆ ಮಾತು ಬೇರೆ, ಅದಕ್ಕೆ ಕುಕ್ಕರೇ ಸರಿ.

ಬೆಂದ ಮೇಲೆ ಅಗಲ ಪಾತ್ರೆಗೆ ಸುರಿದು, ಆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯೊಳಗೆ ಇಟ್ಟು ತಣಿಸಿ. ಬೇಯಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೋ ಫ್ರೀಜರಿಗೋ ಹೋಗಬೇಕು. ಏಪ್ರಿಲ್-ಮೇ ಸೆಕೆಯಲ್ಲಿ ಅಡುಗೆಮನೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಬಿಸಿ ಪಾತ್ರೆಯನ್ನೇ ಒಳಗಿಟ್ಟರೆ ಪಕ್ಕದಲ್ಲಿದ್ದದ್ದೂ ಕರಗ್ತದೆ. ಸುಕ್ಕಕ್ಕೆ (ನೀರು ಆರಿಸಿ ಮಾಡುವ ಒಣ ಪದಾರ್ಥ) ಬೇಕಾದ್ದರ ಎಲುಬು ಬಿಡಿಸಿ, ಗಸಿಗೆ ಬೇಕಾದ್ದರ ಎಲುಬು ಹಾಗೇ ಇರಲಿ. ಎಲುಬು ತೆಗೆದ ಮಾಂಸ 250 ಗ್ರಾಮಿಗೆ ಅರ್ಧ ಕಪ್ ಕೋಳಿನೀರು, ಜಿಪ್ ಚೀಲ, ಗಾಳಿ ಹಿಂಡಿ ತೆಗೆದು ಎರಡು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆ ಮಲಗಿಸಿ. ತೆಳು ಇದ್ದರೆ ಬೇಗ ಗಟ್ಟಿಯಾಗ್ತದೆ, ಬೇಗ ಕರಗ್ತದೆ. ತಾರೀಕು ಬರೆಯಲು ಮರೆಯಬೇಡಿ.

ಪ್ರಶ್ನೆ (ಅವರದೇ): ಕಾಯಿ ಇಲ್ಲದೆ ಸುಕ್ಕ ಹೇಗಣ್ಣ? ವಾರದ ಮಧ್ಯೆ ಕಾಯಿ ಹೆರೆಯಲು ಪುರುಸೊತ್ತಿಲ್ಲ.

ಉತ್ತರ: ಹೆರೆದ ಕಾಯಿಯನ್ನು ಬೇರೆ ಚೀಲದಲ್ಲಿ ಫ್ರೀಜ್ ಮಾಡಿ ಅಕ್ಕ, ಅದಕ್ಕೇನೂ ಆಗುವುದಿಲ್ಲ. ಒಡೆಯುವುದು ಹಾಲು ಮಾತ್ರ. ಮಸಾಲೆ ಹುಡಿಯನ್ನೂ ಭಾನುವಾರವೇ ಮಾಡಿಡಿ: 5 ಬ್ಯಾಡಗಿ ಮೆಣಸು, 1 ದೊಡ್ಡ ಚಮಚ ಕೊತ್ತಂಬರಿ, ಅರ್ಧ ಟೀಚಮಚ ಜೀರಿಗೆ, ಅರ್ಧ ಟೀಚಮಚ ಕಾಳುಮೆಣಸು, 8–10 ಕಾಳು ಮೆಂತೆ, ಎಲ್ಲ ಹುರಿದು ಹುಡಿ ಮಾಡಿ. ಹುರಿಯುವಾಗ ಮೆಂತೆ ಕರಟಿದರೆ ಇಡೀ ಸುಕ್ಕ ಕಹಿ, ಅದನ್ನು ಕೊನೆಗೆ ಹಾಕಿ. ಇಷ್ಟು ಒಂದು ಪ್ಯಾಕೆಟಿನ ಲೆಕ್ಕ.

ರಾತ್ರಿ ತೆಂಗಿನೆಣ್ಣೆಯಲ್ಲಿ ಒಂದು ಈರುಳ್ಳಿ ಕೆಂಪಗೆ ಹುರಿದು, ಹುಡಿ ಹಾಕಿ ಅರ್ಧ ನಿಮಿಷ ತಿರುವಿ. ಕೋಳಿ, ಅದರ ನೀರು, ಗೋಲಿಯಷ್ಟು ಹುಣಸೆಹುಳಿಯ ರಸ ಹಾಕಿ ಚೆನ್ನಾಗಿ ಕುದಿಸಿ. ನೀರು ಹೆಚ್ಚುಕಡಿಮೆ ಆರಿದ ಮೇಲೆಯೇ ಕಾಯಿ: ಮುಕ್ಕಾಲು ಕಪ್ ತುರಿ, 3 ಎಸಳು ಬೆಳ್ಳುಳ್ಳಿ, ನೀರಿಲ್ಲದೆ ಮಿಕ್ಸಿಯಲ್ಲಿ ಎರಡು ಸುತ್ತು. ಸಣ್ಣ ಉರಿಯಲ್ಲಿ ಮೂರು ನಿಮಿಷ. ನೀರಿರುವಾಗಲೇ ಕಾಯಿ ಹಾಕಿದರೆ ಅದು ಸುಕ್ಕ ಆಗುವುದಿಲ್ಲ, ಅರ್ಧಂಬರ್ಧ ಗಸಿ ಆಗ್ತದೆ. ಉಪ್ಪು ಕೋಳಿಯಲ್ಲಿಯೇ ಉಂಟು, ರುಚಿ ನೋಡಿ ಕೊನೆಗೆ ಹಾಕಿ.

ಪ್ರಶ್ನೆ (ಕುಂದಾಪುರದಿಂದ): ಬೆಳಿಗ್ಗೆ ಪ್ಯಾಕೆಟನ್ನು ಫ್ರೀಜರಿನಿಂದ ಫ್ರಿಜ್ಜಿಗೆ ತೆಗೆದಿಡಲು ಮರೆತರೆ? ಮತ್ತೆ, ಘೀ ರೋಸ್ಟಿಗೂ ಇದೇ ಕೋಳಿ ಆಗ್ತದಾ?

ಉತ್ತರ: ಮರೆತರೆ ಗಡ್ಡೆಯನ್ನೇ ಬಾಣಲೆಗೆ ಹಾಕಿ, 3 ಚಮಚ ನೀರು ಚಿಮುಕಿಸಿ, ಮುಚ್ಚಿ ಸಣ್ಣ ಉರಿಯಲ್ಲಿ 8–10 ನಿಮಿಷ ಬಿಡಿ. ಹೊರಗೆ ಮೇಜಿನ ಮೇಲೆ ಕರಗಲು ಬಿಡಬೇಡಿ. ಒಳಗೆ ಗಡ್ಡೆ ಇರುವಾಗಲೇ ಹೊರಮೈ ಹಾಳಾಗಲು ಶುರು. ದೊಡ್ಡ ತುಂಡಿನ ನಡುವೂ 74 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ತುಂಡನ್ನು ಸೀಳಿ ಒಳಗಿಂದ ಹೊಗೆ ಏಳ್ತದಾ ನೋಡಿ.

ಘೀ ರೋಸ್ಟಿಗೆ ಈ ಕೋಳಿ ನನಗೆ ಹಿಡಿಸುವುದಿಲ್ಲ. ಅದರಲ್ಲಿ ಹಸಿ ಕೋಳಿ ಮೊಸರಿನಲ್ಲಿ ನೆನೆದು ಮಸಾಲೆ ಎಳೆದುಕೊಳ್ಳಬೇಕು. ಆದರೆ ತುಪ್ಪದಲ್ಲಿ ಹುರಿದ ಕೆಂಪು ಮಸಾಲೆಯನ್ನು ಫ್ರೀಜ್ ಮಾಡಿ, ಕಾಯಿಹಾಲು ಇಲ್ಲದ ಕಾರಣ ಬಹಳ ಚೆನ್ನಾಗಿ ನಿಲ್ತದೆ.

ಪ್ರಶ್ನೆ (ಮಲ್ಪೆಯಿಂದ): ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ನಿಷೇಧ, ಯಂತ್ರದ ಬೋಟು ಇಳಿಯುವುದಿಲ್ಲ, ಮೀನು ಕಡಿಮೆ. ಕೋಳಿಯೇ ಗತಿ. ಆದರೆ ಆ ಮಳೆಗೆ ಕರೆಂಟೂ ಹೋಗ್ತದೆ. ನಮ್ಮದು ಸಿಂಗಲ್ ಡೋರ್ ಫ್ರಿಜ್.

ಉತ್ತರ: ಸಿಂಗಲ್ ಡೋರಿನ ಮೇಲಿನ ಪೆಟ್ಟಿಗೆ ಎಷ್ಟೋ ಸಲ ಮೈನಸ್ 18 ಮುಟ್ಟುವುದಿಲ್ಲ. ಐಸ್‌ಕ್ರೀಮ್ ಅದರಲ್ಲಿ ಕಲ್ಲಿನಂತೆ ನಿಲ್ಲದಿದ್ದರೆ ಕೋಳಿಯನ್ನು ಒಂದು ವಾರದಲ್ಲಿ ಮುಗಿಸಿ. ಬೇರೆ ಬಾಗಿಲಿನ ಒಳ್ಳೆ ಫ್ರೀಜರಿನಲ್ಲಿ ಎರಡು-ಮೂರು ತಿಂಗಳು ರುಚಿ ಉಳೀತದೆ.

ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ. ತುಂಬಿದ ದೊಡ್ಡ ಫ್ರೀಜರ್ ಮುಚ್ಚಿಯೇ ಇದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೀತದೆ. ನಿಮ್ಮ ಸಣ್ಣ ಪೆಟ್ಟಿಗೆಗೆ ಆ ಲೆಕ್ಕ ಹಿಡಿಯಬೇಡಿ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಮುಕ್ಕಾಲು ತುಂಬಿಸಿ ಗಡ್ಡೆ ಮಾಡಿಡಿ, ಅಷ್ಟು ಹೊತ್ತು ಹೆಚ್ಚು ಸಿಗ್ತದೆ. ಕರೆಂಟ್ ಬಂದಾಗ ಪ್ಯಾಕೆಟಿನಲ್ಲಿ ಗಡ್ಡೆಯ ಹರಳು ಇನ್ನೂ ಉಂಟಾದರೆ ಪುನಃ ಫ್ರೀಜ್ ಆಗಲಿ, ಸ್ವಲ್ಪ ಮೆತ್ತಗಾಗ್ತದೆ ಅಷ್ಟೆ. ಪೂರ್ತಿ ಕರಗಿ ಬೆಚ್ಚಗಾಗಿದ್ದು, ಎಷ್ಟು ಹೊತ್ತಿನಿಂದ ಹಾಗಿದೆಯೋ ಗೊತ್ತಿಲ್ಲದಿದ್ದರೆ ಮೂಸಿ ನೋಡಿ ತೀರ್ಮಾನ ಮಾಡಬೇಡಿ, ಬಿಸಾಡಿ. ಕೆಟ್ಟ ಕೋಳಿ ಎಲ್ಲ ಸಲವೂ ವಾಸನೆ ಬರುವುದಿಲ್ಲ.

ಪ್ರಶ್ನೆ (ಸುರತ್ಕಲ್‌ನವರದ್ದೇ): ಕೋರಿ ರೊಟ್ಟಿಗೆ (ಗರಿಗರಿ ಅಕ್ಕಿ ರೊಟ್ಟಿ) ಗಸಿ ಬೇಕೇ ಬೇಕು ಅಂತಾರೆ ಮಕ್ಕಳು.

ಉತ್ತರ: ಎಲುಬಿನ ಪ್ಯಾಕೆಟ್ ತೆಗೆಯಿರಿ. ಅದೇ ಮಸಾಲೆ ಹುಡಿಗೆ ಅರ್ಧ ಕಪ್ ಕಾಯಿ, ಹುಳಿ ಸೇರಿಸಿ ನುಣ್ಣಗೆ ಅರೆದು, ಕೋಳಿನೀರಿನಲ್ಲೇ ಕುದಿಸಿ. ಕಾಯಿಹಾಲು ಅರ್ಧ ಕಪ್, ಕೊನೆಗೆ. ಹಾಲು ಹಾಕಿದ ಮೇಲೆ ಕುದಿಸಬೇಡಿ, ಅಂಚಿನಲ್ಲಿ ಗುಳ್ಳೆ ಕಂಡ ಕೂಡಲೇ ಇಳಿಸಿ. ಗಸಿ ಸ್ವಲ್ಪ ತೆಳ್ಳಗೇ ಇರಲಿ, ರೊಟ್ಟಿ ಕುಡೀತದೆ.