ಸಹಾಯ ಬೇಕು: ಹೊಲದ ಕೆಲಸಕ್ಕೂ, ಗುರಿ ಎಸೆತಕ್ಕೂ ಒಂದೇ ಚಾಕು

ಹುಬ್ಬಳ್ಳಿ-ಧಾರವಾಡ ಕಡೆ ಇಂಥ ಚಾಕು ಬಡಿದು ಕೊಡೋ ಕಮ್ಮಾರರು ಯಾರಾದ್ರೂ ಗೊತ್ತಿದ್ರ ತಿಳಿಸ್ರಿ. ಹಗ್ಗ ಕೊಯ್ಯಾಕ, ಟೊಂಗಿ ಸವರಾಕ ಬರಬೇಕು, ಸಂಜಿ ಮುಂದ ಕಟ್ಟಿಗಿ ಗುರಿಗೆ ಎಸಿಯಾಕೂ ಬರಬೇಕು.

ಅಡಗಿ ಮನಿ ಸ್ಟೀಲ್ ಚಾಕು ಹೇಳಬ್ಯಾಡ್ರಿ. ಅದರ ಅಲಗು ತೆಳು, ಬಿರುಸು. ಅಡ್ಡ ಬಡದ್ರ ತುದಿ ಚಟ್ ಅಂತ ಮುರೀತೈತಿ. ರಿವೆಟ್ ಹೊಡದ ಹಿಡಿಕಿ ನಾಕೈದು ಏಟಿಗೇ ಸಡಲತೈತಿ. ಮಡಚೋ ಚಾಕುವಂತೂ ಬ್ಯಾಡೇ ಬ್ಯಾಡ.

ನನ್ನ ಲೆಕ್ಕ: ಲಾರಿ ಸ್ಪ್ರಿಂಗ್ ಪಟ್ಟಿ, ಹಿಡಿಕಿ ಸಮೇತ ಒಂದೇ ತುಂಡು, ಉದ್ದ 28 ಸೆಂ.ಮೀ., ಅಗಲ 3 ಸೆಂ.ಮೀ., ದಪ್ಪ 4 ಮಿ.ಮೀ. ತುದಿ ಇಳಿಸಿದ ಮ್ಯಾಲೆ ತೂಕ ಸುಮಾರು 240 ಗ್ರಾಂ ಉಳೀತೈತಿ. ಮುಂದಿನ 10 ಸೆಂ.ಮೀ.ಗೆ ಮಾತ್ರ ಸಾಣಿ, ಹಿಡಿಕಿಗೆ ಬಿಗಿಯಾಗಿ ನೂಲಿನ ದಾರ.

ಮುಖ್ಯ ಪ್ರಶ್ನಿ ಹದದ್ದು, ಅಂದ್ರ ಉಕ್ಕು ಎಷ್ಟು ಬಿರುಸು ಉಳೀಬೇಕು ಅನ್ನೋದು. ಎಣ್ಣಿಯೊಳಗ ಅದ್ದಿದ ಮ್ಯಾಲೆ ಮತ್ತ ಕಾಸುವಾಗ ಉಕ್ಕಿನ ಮ್ಯಾಲೆ ಬರೋ ಒಣಹುಲ್ಲಿನ ಬಣ್ಣಕ್ಕ ನಿಲ್ಲಿಸಿದ್ರ ಎಸೆತಕ್ಕ ಬಿರುಸಾತು. ಪೂರ್ತಿ ನೀಲಿ ಬಣ್ಣ, ಅಂದ್ರ ಸುಮಾರು 300 ಡಿಗ್ರಿ ತನಕ ಒಯ್ಯಬೇಕು. ಇದನ್ನ ಬಣ್ಣ ನೋಡಿ ಮಾಡೋ ಕೈ ಯಾರದೈತಿ?

ಇನ್ನೊಂದು, ಗುರಿಗೆ 45 ಸೆಂ.ಮೀ. ಅಗಲ, 15 ಸೆಂ.ಮೀ. ದಪ್ಪದ ಮೆತ್ತನ್ನ ಕಟ್ಟಿಗಿ ಬಿಲ್ಲಿ ಬೇಕು, ಅಡ್ಡ ಕೊಯ್ದದ್ದು. ಜಾಲಿ ಆಗೂದಿಲ್ಲ, ಚಾಕು ತಿರುಗಿ ಹಾರತೈತಿ. ಯಾವ ಸಾಮಿಲ್‌ನ್ಯಾಗ ಸಿಗತೈತಿ?